ಕಳವಾದ ಮಾಲಿಗೆ ಹೊಣೆ ಯಾರು?

1567ರಲ್ಲಿ ಚೆಸಾರೆ ಫೆದೆರಿಚಿ ಎಂಬ ವೆನಿಸ್ ನಗರದ ವ್ಯಾಪಾರಿ ಗೋವೆಯಿಂದ ವಿಜಯನಗರಕ್ಕೆ ಬಂದ. ತಾಳಿಕೋಟೆಯ ಯುದ್ಧ ಮುಗಿದು ಎರಡು ವರ್ಷ ಕಳೆದಿತ್ತು. ಮನೆಗಳು ನಿಂತಿದ್ದವು, ಒಳಗೆ ಜನ ಇರಲಿಲ್ಲ. ಅವನ ಕೆಲಸ ಒಂದು ತಿಂಗಳಲ್ಲಿ ಮುಗಿಯುವಂಥದ್ದು. ಆದರೂ ಏಳು ತಿಂಗಳು ಅಲ್ಲೇ ಉಳಿಯಬೇಕಾಯಿತು. ದಾರಿಗಳ ತುಂಬ ಕಳ್ಳರಿದ್ದರು. ಅವರ ಕಾಟ ತಗ್ಗುವವರೆಗೆ ಊರು ಬಿಟ್ಟು ಹೊರಡುವ ಹಾಗಿರಲಿಲ್ಲ ಎಂದು ಅವನೇ ಬರೆದಿದ್ದಾನೆ. 1563ರಲ್ಲಿ ವೆನಿಸ್ ಬಿಟ್ಟವನು 18 ವರ್ಷ ಪೂರ್ವದೇಶಗಳಲ್ಲಿ ಅಲೆದು ಊರಿಗೆ ಮರಳಿದ. ಅವನ ಪ್ರವಾಸಕಥನ 1587ರಲ್ಲಿ ಅಲ್ಲೇ ಅಚ್ಚಾಯಿತು.

ಆ ಪುಸ್ತಕದಲ್ಲಿ ಕುದುರೆ ವರ್ತಕರ ಪ್ರಸಂಗವೊಂದಿದೆ. ಯುದ್ಧದಲ್ಲಿ ಅಳಿಯ ರಾಮರಾಯ ಸತ್ತ ಮೇಲೆ ಅಧಿಕಾರ ಅವನ ತಮ್ಮ ತಿರುಮಲರಾಯನ ಕೈಗೆ ಬಂತು. ಸೈನ್ಯಕ್ಕೆ ಕುದುರೆ ಬೇಕಿತ್ತು. ಯುದ್ಧದಲ್ಲಿ ಕೈತಪ್ಪಿಹೋದ, ತನ್ನ ಮುದ್ರೆಯಿರುವ ಕುದುರೆಗಳನ್ನು ಯಾರು ತಂದರೂ ಬೆಲೆ ಕೊಟ್ಟು ಕೊಳ್ಳುತ್ತೇನೆ, ಬಂದವರಿಗೆ ಅಭಯ ಎಂದು ತಿರುಮಲ ಸಾರಿಸಿದ. ವರ್ತಕರು ನಂಬಿ ತಂದರು. ಇನ್ನು ಬರುವ ಕುದುರೆಗಳಿಲ್ಲ ಎಂದು ಖಾತ್ರಿಯಾದ ಮೇಲೆ ಕಾಸೂ ಕೊಡದೆ ಎಲ್ಲರನ್ನೂ ಸಾಗಹಾಕಿದ. ದಾರಿಯಲ್ಲಿ ಕಳ್ಳ ಕಿತ್ತುಕೊಂಡಿದ್ದರೆ ಅರಮನೆಗೆ ದೂರು ಒಯ್ಯಬಹುದಿತ್ತು. ಕಿತ್ತುಕೊಂಡದ್ದು ಅರಮನೆಯೇ ಆದಾಗ ದೂರು ಒಯ್ಯುವುದಕ್ಕೆ ಜಾಗ ಇರಲಿಲ್ಲ.

ಇನ್ನೊಂದು ಸಂಗತಿ ನಾಣ್ಯದ್ದು. ವಿಜಯನಗರದಿಂದ ಕರಾವಳಿಗೆ ಇಳಿಯುವ ದಾರಿಯಲ್ಲಿ ಸಣ್ಣಪುಟ್ಟ ಒಡೆಯರು ತಲೆಯೆತ್ತಿದ್ದರು, ಒಬ್ಬೊಬ್ಬನದೂ ಒಂದೊಂದು ನಾಣ್ಯ. ಇವತ್ತು ತೆಗೆದುಕೊಂಡ ಹಣ ನಾಳೆಯ ಊರಿನಲ್ಲಿ ನಡೆಯುತ್ತಿರಲಿಲ್ಲ ಎಂದು ಫೆದೆರಿಚಿ ಬರೆಯುತ್ತಾನೆ. ಒಂದು ಸಾಮ್ರಾಜ್ಯ ಕುಸಿಯುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಸಿಗುವುದು ಕಷ್ಟ. ಸಿಂಹಾಸನದ ಸುದ್ದಿ ತಲುಪುವ ಮೊದಲೇ ಜೇಬಿನ ಹಣ ಅದನ್ನು ತಿಳಿಸಿಬಿಡುತ್ತಿತ್ತು.

ಆ ಹೊತ್ತಿನಲ್ಲಿ ನಮ್ಮ ಸೀಮೆಯಲ್ಲಿ ಆಳುತ್ತಿದ್ದವನು ಹಿರಿಯ ಕೆಂಪೇಗೌಡ. ನಾನಿರುವ ಮಾಕಳಿ ಬೆಂಗಳೂರಿಗೂ ನೆಲಮಂಗಲಕ್ಕೂ ನಡುವೆ, ತುಮಕೂರು ರಸ್ತೆಯ ಮೇಲಿದೆ. ಅತ್ತ ಶಿವಗಂಗೆ, ಇತ್ತ ಬೆಂಗಳೂರಿನ ಪೇಟೆ, ನೈಋತ್ಯಕ್ಕೆ ಮಾಗಡಿ. ಇದೆಲ್ಲ ಆ ಮನೆತನ ಬಾಳಿದ ನೆಲ. 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದ ಕೆಂಪೇಗೌಡ ವಿಜಯನಗರದ ಸಾಮಂತ. ಚಕ್ರವರ್ತಿಯ ಅಪ್ಪಣೆಯಿಲ್ಲದೆ ತನ್ನ ಹೆಸರಿನಲ್ಲಿ ನಾಣ್ಯ ಟಂಕಿಸಿದನೆಂಬ ಆರೋಪದ ಮೇಲೆ ಅವನನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟರು, ಸೀಮೆಯನ್ನು ಚನ್ನಪಟ್ಟಣದ ಜಗದೇವರಾಯನಿಗೆ ಕೊಟ್ಟರು, ಕೊನೆಗೆ ಭಾರಿ ದಂಡ ಕಟ್ಟಿಸಿಕೊಂಡು ಬಿಟ್ಟರು ಎಂದು ಮಾಗಡಿ ಪ್ರಭುಗಳ ಪರಂಪರೆ ಹೇಳುತ್ತದೆ. ಕೆಂಪೇಗೌಡ ತೀರಿಕೊಂಡದ್ದು 1569ರಲ್ಲಿ. ಅವನ ಆಳ್ವಿಕೆಯ ನಡುವೆ ಸೆರೆಮನೆಗೆ ಕಳಿಸುವಷ್ಟು ದೊಡ್ಡದಾಗಿದ್ದ ತಪ್ಪು, ಅವನ ಕಡೆಗಾಲದಲ್ಲಿ ಕಂಡಕಂಡವರೆಲ್ಲ ಮಾಡುವ ಕೆಲಸವಾಗಿತ್ತು. ಕಾನೂನು ಅದೇ ಇತ್ತು. ಅದನ್ನು ಜಾರಿ ಮಾಡುವ ಕೈ ಇರಲಿಲ್ಲ.

ಕಾನೂನು ಸುವ್ಯವಸ್ಥೆಯ ಮಾತು ಬಂದಾಗ ನಮ್ಮಲ್ಲಿ ಚರ್ಚೆ ಬೇಗ ಶಿಕ್ಷೆಯ ಕಡೆಗೆ ತಿರುಗುತ್ತದೆ. ಹಿಂದಿನ ಕಾಲದಲ್ಲಿ ಕೈ ಕಡಿಯುತ್ತಿದ್ದರು, ಅದಕ್ಕೇ ಕಳ್ಳತನ ಇರಲಿಲ್ಲ ಎನ್ನುವವರು ಪ್ರತಿ ಊರಿನ ಕಟ್ಟೆಯ ಮೇಲೂ ಸಿಗುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಆ ಕಾಲದ ಊರುಗಳನ್ನು ಕಾಯುತ್ತಿದ್ದದ್ದು ಶಿಕ್ಷೆಯ ಭಯಕ್ಕಿಂತ ಹೆಚ್ಚಾಗಿ ಹೊಣೆಯ ಏರ್ಪಾಡು. ಕಳವಾದರೆ ತುಂಬಿಕೊಡಬೇಕಾದವರು ಯಾರು ಎಂಬುದು ಮೊದಲೇ ಗೊತ್ತಿರುತ್ತಿತ್ತು. ಆ ಏರ್ಪಾಡಿನ ಬಲವೂ ಅಲ್ಲೇ ಇತ್ತು, ಅನ್ಯಾಯವೂ ಅಲ್ಲೇ ಇತ್ತು.

ಅದನ್ನು ಕಣ್ಣಾರೆ ಕಂಡು ಬರೆದವನು ಹೆರಾತಿನ ಷಾಹರುಖ್‌ನ ರಾಯಭಾರಿ ಅಬ್ದುರ್ ರಜಾಕ್. 1443ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ. ಟಂಕಸಾಲೆಯ ಎದುರಿಗೇ ನಗರಾಧಿಕಾರಿಯ ಕಚೇರಿ ಇತ್ತಂತೆ. ಅದರ ಕೈಕೆಳಗೆ 12,000 ಕಾವಲಿನವರು. ಅವರ ದಿನದ ಸಂಬಳ 12,000 ಪಣ. ಆ ಹಣ ಬರುತ್ತಿದ್ದದ್ದು ಸೂಳೆಗೇರಿಗಳ ಮೇಲೆ ಹಾಕಿದ ತೆರಿಗೆಯಿಂದ. ಏಳು ಸುತ್ತಿನ ಕೋಟೆಯೊಳಗೆ ಏನೇ ನಡೆದರೂ ಈ ಕಾವಲಿನವರಿಗೆ ಗೊತ್ತಿರಬೇಕು. ಕಳೆದುಹೋದದ್ದನ್ನೂ ಕಳವಾದದ್ದನ್ನೂ ಹುಡುಕಿಕೊಡಬೇಕು. ಕೊಡದಿದ್ದರೆ ದಂಡ ತೆರಬೇಕು.

ದಂಡ ಬರೀ ಮಾತಿನದಾಗಿರಲಿಲ್ಲ. ರಜಾಕನ ಜೊತೆಯವನೊಬ್ಬ ಕೊಂಡುಕೊಂಡಿದ್ದ ಕೆಲವು ಗುಲಾಮರು ಓಡಿಹೋದರು. ದೂರು ಕಚೇರಿಗೆ ಹೋಯಿತು. ನಗರದ ಅತಿ ಬಡವರು ವಾಸವಿದ್ದ ಕೇರಿಯ ಕಾವಲಿನವರನ್ನು ಕರೆಸಿ, ಓಡಿದವರನ್ನು ತಂದೊಪ್ಪಿಸಿ, ಇಲ್ಲವೇ ಬೆಲೆ ಕಟ್ಟಿ ಎಂದು ಅಧಿಕಾರಿ ಅಪ್ಪಣೆ ಮಾಡಿದ. ಅವರು ಮೊತ್ತ ಎಷ್ಟೆಂದು ಕೇಳಿ ತಿಳಿದುಕೊಂಡು ದುಡ್ಡು ಕಟ್ಟಿದರು.

ಈ ಪುಟ್ಟ ವರದಿಯನ್ನು ನಿಧಾನವಾಗಿ ಓದಬೇಕು. ರಾಯಭಾರಿಗೆ ಕಂಡದ್ದು ನಗರದ ಅಚ್ಚುಕಟ್ಟು, ಅವನು ಮೆಚ್ಚಿಯೇ ಬರೆದಿದ್ದಾನೆ. ಪರದೇಶದ ಅತಿಥಿಗೆ ನಷ್ಟವಾಗಲಿಲ್ಲ, ರಾಜ್ಯದ ಮಾನ ಉಳಿಯಿತು. ಆದರೆ ಕೆಲವು ಪ್ರಶ್ನೆಗಳನ್ನು ಅವನು ಕೇಳಲಿಲ್ಲ. ಗುಲಾಮರು ಆ ಕೇರಿಯ ಮೂಲಕವೇ ಹೋದರೆಂದು ಹೇಳಿದವರಾರು? ಕಾವಲಿನವರ ಮಾತನ್ನು ಯಾರಾದರೂ ಕೇಳಿದರೇ? ದಿನಕ್ಕೆ ಸರಾಸರಿ ಒಂದು ಪಣ ಸಂಬಳದವರು ಆ ಹಣ ಎಲ್ಲಿಂದ ತಂದರು? ಓಡಿಹೋದವರು ವಸ್ತುಗಳಲ್ಲ, ಬಿಡುಗಡೆ ಬಯಸಿದ ಮನುಷ್ಯರು. ಅವರ ಬಿಡುಗಡೆಯ ಬೆಲೆಯನ್ನು ಕೊಟ್ಟವರು ಅವರಷ್ಟೇ ಬಡವರು. ಹಣವಂತರ ಕೇರಿಯ ಕಾವಲಿನವರನ್ನು ಯಾರೂ ಕರೆಸಲಿಲ್ಲ.

ಸುಮಾರು ತೊಂಬತ್ತು ವರ್ಷದ ಮೇಲೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೂಡ ಈ ನಗರದಲ್ಲಿ ಕಳ್ಳರು ಕಡಿಮೆ ಎನ್ನುತ್ತಾನೆ. ಶಿಕ್ಷೆಗಳನ್ನೂ ವಿವರಿಸುತ್ತಾನೆ: ಕಳ್ಳನಿಗೆ ಒಂದು ಕೈ, ಒಂದು ಕಾಲು ಹೋಗುತ್ತಿತ್ತು; ದೊಡ್ಡ ಕಳವಾದರೆ ಗದ್ದಕ್ಕೆ ಕೊಕ್ಕೆ ಹಾಕಿ ತೂಗುಬಿಡುತ್ತಿದ್ದರು. ಅವನಿಗಿಂತ ಸ್ವಲ್ಪ ಮೊದಲು ಆಳಿದ ಕೃಷ್ಣದೇವರಾಯ ತನ್ನ ಆಮುಕ್ತಮಾಲ್ಯದದ ರಾಜನೀತಿ ಭಾಗದಲ್ಲಿ, ಮರಣದಂಡನೆಗೆ ಗುರಿಯಾದವನಿಗೆ ಮೂರು ಸಲ ಮೊರೆಯಿಡಲು ಅವಕಾಶ ಕೊಡಬೇಕೆಂದು ಹೇಳುತ್ತಾನೆ. ಬಿಟ್ಟರೆ ರಾಜ್ಯಕ್ಕೇ ಅಪಾಯ ಎನ್ನುವಂಥವರನ್ನು ಮಾತ್ರ ಅದರಿಂದ ಹೊರಗಿಡುತ್ತಾನೆ. ಕೊಲ್ಲುವ ಮೊದಲು ಮೂರು ಸಲ ಕೇಳು ಎಂಬ ವಿವೇಕ ಸಿಂಹಾಸನದ ಮೇಲಿದ್ದವನಿಗೆ ಹೊಳೆದಿತ್ತು ಎಂಬುದು ನನಗೆ ಮುಖ್ಯ. ಕೇರಿಯ ಕಾವಲಿನವನ ವಿಷಯದಲ್ಲಿ ಅಂಥದ್ದೊಂದು ಮಾತು ಎಲ್ಲೂ ಕಾಣುವುದಿಲ್ಲ.

ಫೆದೆರಿಚಿ ಬಿಟ್ಟುಬಂದ ಇಟಲಿಯ ದಾರಿಗಳೂ ನೆಮ್ಮದಿಯವಾಗಿರಲಿಲ್ಲ. ಇಟಲಿ ಆಗ ಒಂದು ದೇಶವೇ ಅಲ್ಲ. ವೆನಿಸ್ ಒಂದು ಗಣರಾಜ್ಯ, ಮಿಲಾನ್ ಸ್ಪೇನಿನ ಗವರ್ನರನ ಕೈಯಲ್ಲಿ, ಫ್ಲಾರೆನ್ಸ್ ಮೆದಿಚಿ ಮನೆತನದ್ದು, ರೋಮ್ ಪೋಪನದು. ನಮ್ಮ ಪಾಳೆಯಪಟ್ಟುಗಳ ಹಾಗೆ ಒಂದರ ಗಡಿ ದಾಟಿದರೆ ಇನ್ನೊಂದರ ಕಾನೂನು. ಒಂದು ಕಡೆ ಕೊಲೆ ಮಾಡಿದವನು ಗಡಿಯಾಚೆ ನೆಮ್ಮದಿಯಾಗಿರುತ್ತಿದ್ದ. ಮಿಲಾನಿನಲ್ಲಿ ಸಿರಿವಂತರು ಕೂಲಿ ಗೂಂಡಾಗಳನ್ನು ಸಾಕಿಕೊಂಡಿದ್ದರು, ಅವರನ್ನು ‘ಬ್ರಾವಿ’ ಎನ್ನುತ್ತಿದ್ದರು. 1583ರ ಏಪ್ರಿಲ್‌ನಲ್ಲಿ ಅವರ ವಿರುದ್ಧ ಗವರ್ನರ್ ಕಟ್ಟುನಿಟ್ಟಿನ ಆಜ್ಞೆ ಹೊರಡಿಸಿದ. ಅದೇ ಆಜ್ಞೆ 1584ರಲ್ಲಿ ಮತ್ತೆ ಬಂತು. 1593, 1598, 1600, 1612, 1618, 1627, 1632ರಲ್ಲೂ ಬಂತು, ಪ್ರತಿ ಸಲವೂ ಮೊದಲಿಗಿಂತ ಉಗ್ರವಾದ ಭಾಷೆಯಲ್ಲಿ. ಇಟಲಿಯ ಲೇಖಕ ಮಾನ್ಜೋನಿ ತನ್ನ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಈ ಆಜ್ಞೆಗಳನ್ನು ಸಾಲಾಗಿ ಎತ್ತಿ ತೋರಿಸುತ್ತಾನೆ. ಐವತ್ತು ವರ್ಷ ಒಂದೇ ಆಜ್ಞೆಯನ್ನು ಹೊರಡಿಸುತ್ತ ಹೋದ ಸರ್ಕಾರದ ಮಾತನ್ನು ಬ್ರಾವಿಗಳು ಯಾಕೆ ಕೇಳಬೇಕು? ಅವರನ್ನು ಸಾಕಿದ ಧಣಿಗಳನ್ನು ಮುಟ್ಟುವ ಶಕ್ತಿ ಆ ಆಜ್ಞೆಗಳಿಗೆ ಇರಲಿಲ್ಲ.

ರೋಮಿನಲ್ಲಿ 1585ರಲ್ಲಿ ಪೋಪನಾದ ಐದನೇ ಸಿಕ್ಸ್‌ಟಸ್ ಬೇರೆ ದಾರಿ ಹಿಡಿದ. ದರೋಡೆಕೋರರ ತಲೆಗಳನ್ನು ಕಡಿಸಿ ಟೈಬರ್ ನದಿಯ ಸಂತ ಆಂಜೆಲೊ ಸೇತುವೆಯ ಮೇಲೆ ಸಿಕ್ಕಿಸಿದ. ಸಂತೆಯಲ್ಲಿ ಇರುವ ಕರಬೂಜಗಳಿಗಿಂತ ಸೇತುವೆಯ ಮೇಲಿರುವ ತಲೆಗಳೇ ಹೆಚ್ಚು ಎಂದು ಆ ವರ್ಷದ ಸುದ್ದಿಯೋಲೆಯೊಂದು ದಾಖಲಿಸಿತು. ಕಳ್ಳರನ್ನು ಬೆನ್ನಟ್ಟಿ ಹಿಡಿಯುವ ಹೊಣೆಯನ್ನು ಊರಿನವರ ಮೇಲೂ ಜಹಗೀರುದಾರರ ಮೇಲೂ ಹಾಕಿದ. ಕೆಲವು ವರ್ಷ ದಾರಿಗಳು ಶಾಂತವಾದವು. 1590ರಲ್ಲಿ ಅವನು ಸತ್ತ, ಅದೇ ಹೊತ್ತಿಗೆ ಬರಗಾಲ ಬಂತು, ದರೋಡೆಕೋರರ ದಂಡುಗಳು ಮತ್ತೆ ಗುಡ್ಡ ಇಳಿದವು. ಅವರ ನಾಯಕರಲ್ಲಿ ಒಬ್ಬ ಅಲ್ಫೋನ್ಸೊ ಪಿಕ್ಕೊಲೊಮಿನಿ, ಡ್ಯೂಕ್ ಪದವಿಯ ಶ್ರೀಮಂತ. 1591ರಲ್ಲಿ ಅವನನ್ನು ಫ್ಲಾರೆನ್ಸಿನಲ್ಲಿ ಗಲ್ಲಿಗೇರಿಸಿದರು. ವೆನಿಸ್‌ನ ಕ್ರಮ ಇನ್ನೂ ಅಪಾಯದ್ದು: ಗಡೀಪಾರಾದವನು ಇನ್ನೊಬ್ಬ ಗಡೀಪಾರಾದವನನ್ನು ಕೊಂದರೆ ಊರಿಗೆ ಮರಳಬಹುದಿತ್ತು. ಕೊಲೆಗಾರನಿಗೆ ಕ್ಷಮೆ ಬೇಕಾದರೆ ಮತ್ತೊಂದು ಕೊಲೆ ಮಾಡಬೇಕೆಂಬ ಈ ಲೆಕ್ಕ ಎಷ್ಟು ಹಳ್ಳಿಗಳನ್ನು ಹಾಳುಮಾಡಿರಬೇಕು! ಇನ್ನು ಪೊಲೀಸರ ಕೆಲಸ ಮಾಡುತ್ತಿದ್ದ ‘ಸ್ಬಿರ್ರಿ’ಗಳು ಬಡವರು, ಸಂಬಳ ಸಾಲದವರು, ಹಿಡಿದು ತಂದ ಲೆಕ್ಕಕ್ಕೆ ಸಿಗುವ ಇನಾಮಿನ ಮೇಲೆ ಬದುಕುವವರು. ಊರವರು ಅವರನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಅದೇ ಸಿಕ್ಸ್‌ಟಸ್‌ನ ಕಾಲದಲ್ಲಿ, 1586ರಲ್ಲಿ ರೋಮಿನಲ್ಲಿ ಹುಟ್ಟಿದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರ, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ವಿಜಯನಗರದ ಸಾಮಂತ ಮನೆತನದ ವೆಂಕಟಪ್ಪ ನಾಯಕ ಅಲ್ಲಿ ಸ್ವತಂತ್ರ ಅರಸನಂತೆ ಆಳುತ್ತಿದ್ದ. ಆಮೇಲೆ ಕರಾವಳಿಯ ಮಣೇಲಿನ ಬಳಿ ದೆಲ್ಲಾ ವಾಲ್ಲೆಗೆ ಉಳ್ಳಾಲದ ರಾಣಿ ಎದುರಾದಳು. ಬರಿಗಾಲಿನಲ್ಲಿ ನಡೆದುಬರುತ್ತಿದ್ದಳು, ನೀರಿನ ಕಾಲುವೆ ತೋಡುವ ಕೆಲಸ ನೋಡಿಕೊಳ್ಳುವುದಕ್ಕೆ. ಆಳುವವರು ಹೊಣೆ ಹೊತ್ತುಕೊಂಡದ್ದನ್ನು ಆ ಕಾಲದ ಬರಹಗಳಲ್ಲಿ ಇಷ್ಟು ಹತ್ತಿರದಿಂದ ತೋರಿಸುವ ಚಿತ್ರ ಅಪರೂಪ.

ಇಟಲಿಯ ಆ ಉಗ್ರ ಶಿಕ್ಷೆಗಳಿಗೆ ಉತ್ತರ ಇಟಲಿಯಿಂದಲೇ ಬಂತು. ಕ್ರೌರ್ಯದಿಂದ ಅಪರಾಧ ನಿಲ್ಲುವುದಿಲ್ಲ, ಶಿಕ್ಷೆ ಖಂಡಿತ ಆಗುತ್ತದೆ ಎಂಬ ನಂಬಿಕೆಯಿಂದ ನಿಲ್ಲುತ್ತದೆ ಎಂದು ಮಿಲಾನಿನ ಚೆಸಾರೆ ಬೆಕ್ಕಾರಿಯ 1764ರಲ್ಲಿ ಬರೆದ. ಅವನ ಮಾತನ್ನು ತಲೆಗೆ ಹಾಕಿಕೊಂಡ ಟಸ್ಕನಿ 1786ರಲ್ಲಿ ಮರಣದಂಡನೆಯನ್ನೇ ತೆಗೆದುಹಾಕಿತು. ಶ್ರೀರಂಗಪಟ್ಟಣದಲ್ಲಿ ಆಗ ಟಿಪ್ಪು ಸುಲ್ತಾನನ ಆಳ್ವಿಕೆ.

ನಮ್ಮ ಹಳ್ಳಿಗಳ ಕಾವಲಿನ ಏರ್ಪಾಡು ಈ ಎಲ್ಲ ಅರಸರಿಗಿಂತ ದೀರ್ಘಾಯುಷ್ಯದ್ದು. ಊರಿನ ಕೆಲಸಗಳನ್ನು ನಡೆಸುತ್ತಿದ್ದ ಹನ್ನೆರಡು ಆಯಗಾರರಲ್ಲಿ ತಳವಾರ ಒಬ್ಬ, ತೋಟಿ ಒಬ್ಬ. ಕಳವಿನ ಸುಳಿವು ಹಿಡಿಯುವುದು, ದಾರಿಹೋಕರನ್ನು ಊರಿಂದ ಊರಿಗೆ ಕಾಪಾಡಿಕೊಂಡು ಮುಟ್ಟಿಸುವುದು ತಳವಾರನ ಕೆಲಸ. ಬೆಳೆ ಕಾಯುವುದು, ಅಳತೆಗೆ ನಿಲ್ಲುವುದು ತೋಟಿಯದು. 19ನೇ ಶತಮಾನದ ಆರಂಭದ ಕಂಪನಿ ವರದಿಗಳಲ್ಲಿ ಇದರ ವಿವರ ಇದೆ. ದಕ್ಷಿಣದ ಹಲವು ಸೀಮೆಗಳಲ್ಲಿ ಕಳ್ಳನ ಹೆಜ್ಜೆ ಪಕ್ಕದೂರಿನ ಎಲ್ಲೆ ದಾಟಿದೆ ಎಂದು ತೋರಿಸಿಕೊಟ್ಟರೆ ಹೊಣೆ ಆ ಊರಿನ ಕಾವಲಿನವನಿಗೆ ದಾಟುತ್ತಿತ್ತು. ತೋರಿಸಲಾಗದಿದ್ದರೆ ನಷ್ಟ ಇವನ ತಲೆಗೆ. ಕೂಲಿಯೆಂದರೆ ಸುಗ್ಗಿಯ ಕಣದಲ್ಲಿ ಸಿಗುವ ಆಯ, ಜೊತೆಗೆ ಒಂದಿಷ್ಟು ಇನಾಮು ಜಮೀನು. ತೋಟಿ, ತಳವಾರಿಕೆ, ನೀರಗಂಟಿ ಕೆಲಸ ಬಹುಪಾಲು ದಲಿತ ಮತ್ತು ಇತರ ಬಡ ಸಮುದಾಯಗಳ ಮನೆಗಳಿಗೆ ತಲೆಮಾರಿನಿಂದ ತಲೆಮಾರಿಗೆ ಅಂಟಿಕೊಂಡೇ ಬಂತು. ಊರು ಮಲಗಿದಾಗ ಎಚ್ಚರವಿದ್ದವನಿಗೆ ಊರೊಳಗೆ ಮನೆ ಇರಲಿಲ್ಲ. ಹಳೆಯ ಗ್ರಾಮಗಳ ಒಗ್ಗಟ್ಟನ್ನು ಹೊಗಳುವಾಗ ಈ ಮಾತನ್ನು ಬಿಟ್ಟು ಹೇಳುವುದು ಸುಳ್ಳು ಹೇಳಿದ ಹಾಗೆ.

ಮೈಸೂರು ಸಂಸ್ಥಾನ ಪಾಳೇಗಾರರನ್ನು ಒಬ್ಬೊಬ್ಬರಾಗಿ ಮುಗಿಸಿತು. ಮಾಗಡಿಯ ಕಡೆಯ ಕೆಂಪೇಗೌಡ 1728ರಲ್ಲಿ ಸೋತು ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. 1799ರ ನಂತರ ದಿವಾನ್ ಪೂರ್ಣಯ್ಯ ಕಂದಾಚಾರವೆಂಬ ಸ್ಥಳೀಯ ದಂಡಿನ ಪೇದೆಗಳಿಂದ ಊರುಗಳನ್ನು ಕಾಯಿಸಿದ, ಆಮೇಲೆ ಪೊಲೀಸ್ ಇಲಾಖೆ ಬಂತು. ಅರಸರು ಬದಲಾದರೂ ತಳವಾರ, ತೋಟಿಗಳ ಹುಟ್ಟಿನ ಕೆಲಸ ಮುಂದುವರಿಯಿತು. ಅದನ್ನು ಕಾನೂನಿನಿಂದ ರದ್ದು ಮಾಡಿದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ. ಕೆಲಸಕ್ಕೆ ಕೊಟ್ಟಿದ್ದ ಇನಾಮು ಜಮೀನು ಸರ್ಕಾರಕ್ಕೆ ಸೇರಿ, ಹುದ್ದೆಯಲ್ಲಿದ್ದವರಿಗೆ ಮರುಮಂಜೂರಾಗಬೇಕಿತ್ತು. ಹಾಗೆ ಸಿಕ್ಕ ಜಮೀನನ್ನು 15 ವರ್ಷ ಪರಭಾರೆ ಮಾಡಬಾರದೆಂದು 1978ರಲ್ಲಿ ತಿದ್ದುಪಡಿಯೂ ಬಂತು. ಇವತ್ತಿಗೂ ಬೆಂಗಳೂರಿನ ಸುತ್ತಮುತ್ತ ಸೈಟು ಕೊಳ್ಳುವವರು ಮೂಲ ದಾಖಲೆ ತೆಗೆಸಿದರೆ ‘ತೋಟಿ ಇನಾಮ್ತಿ’, ‘ತಳವಾರಿಕೆ ಇನಾಮ್ತಿ’ ಎಂಬ ನಮೂದು ಎದುರಾಗುವುದುಂಟು. ವಕೀಲರು ಅಲ್ಲಿ ನಿಂತು, ಮರುಮಂಜೂರಾತಿ ಆದೇಶ ಇದೆಯೇ ಎಂದು ಕೇಳುತ್ತಾರೆ. ಊರು ಕಾದವರಿಗೆ ಸಿಕ್ಕಿದ್ದ ನೆಲ ಲೇಔಟು, ಗೋಡೌನು, ಕಾರ್ಖಾನೆಗಳ ಕೆಳಗೆ ಹೋಗಿದೆ.

ಆ ಗೋಡೌನುಗಳ ಗೇಟಿನಲ್ಲಿ ಈಗ ಕಾವಲಿಗಿರುವವರು ಯಾರು? ಮಾಕಳಿಯಿಂದ ದಾಸನಪುರದ ಕಡೆಗೆ ಹೋಗುತ್ತ ನೋಡಿದರೆ ಸಾಕು. ಉತ್ತರ ಕರ್ನಾಟಕದಿಂದ ಬಂದವರು, ಅಸ್ಸಾಂ, ಬಿಹಾರ, ಒಡಿಶಾದ ಹುಡುಗರು, ಕಾರ್ಖಾನೆಯಿಂದ ನಿವೃತ್ತರಾಗಿ ಮತ್ತೆ ದುಡಿಯಬೇಕಾಗಿ ಬಂದ ಹಿರಿಯರು. ಹನ್ನೆರಡು ಗಂಟೆಯ ಪಾಳಿ, ಒಂದು ಪ್ಲಾಸ್ಟಿಕ್ ಕುರ್ಚಿ, ಲಾರಿ ನಂಬರು ಬರೆದುಕೊಳ್ಳುವ ಒಂದು ರಿಜಿಸ್ಟರು. ಹೆಚ್ಚಿನವರು ಕಂಪನಿಯ ನೌಕರರಲ್ಲ, ಏಜೆನ್ಸಿಯವರು. ಏಜೆನ್ಸಿಗಳಿಗೆ ಪರವಾನಗಿ ಬೇಕು, ಕಾವಲುಗಾರರಿಗೆ ತರಬೇತಿ ಕೊಡಬೇಕು ಎಂದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಹೇಳುತ್ತದೆ. ಮಾಲು ಕಡಿಮೆ ಬಿದ್ದ ದಿನ ಮೊದಲ ಪ್ರಶ್ನೆ ಬರುವುದು ಮಾತ್ರ ಆ ಕುರ್ಚಿಯಲ್ಲಿ ಕೂತವನಿಗೆ: ನಿನ್ನ ಪಾಳಿಯಲ್ಲಿ ಹೋಗಿದೆ, ನೀನೇ ಕಟ್ಟು.

ಇಲ್ಲಿ ಕಾನೂನು 1443ರ ವಿಜಯನಗರವನ್ನು ದಾಟಿ ಬಂದಿದೆ. 1936ರ ವೇತನ ಪಾವತಿ ಕಾಯ್ದೆಯ 7 ಮತ್ತು 10ನೇ ಕಲಮುಗಳಲ್ಲಿ ಸಂಬಳದಿಂದ ನಷ್ಟ ಹಿಡಿಯುವ ನಿಯಮ ಸ್ಪಷ್ಟವಾಗಿತ್ತು. ಈಗ ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಇದೇ ನಿಯಮ ಉಳಿದಿದೆ. ಕಳೆದುಹೋದ ಮಾಲಿಗೆ ಸಂಬಳದಲ್ಲಿ ಹಣ ಹಿಡಿಯಬೇಕಾದರೆ, ಆ ಮಾಲನ್ನು ನಿರ್ದಿಷ್ಟವಾಗಿ ಅವನ ವಶಕ್ಕೇ ಒಪ್ಪಿಸಿರಬೇಕು. ನಷ್ಟ ನೇರವಾಗಿ ಅವನ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ಆಗಿರಬೇಕು. ಹಿಡಿಯುವ ಹಣ ನಷ್ಟದ ಮೊತ್ತವನ್ನು ಮೀರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಣ ಯಾಕೆ ಹಿಡಿಯಬಾರದು ಎಂದು ಹೇಳಿಕೊಳ್ಳುವ ಅವಕಾಶ ಅವನಿಗೆ ಮೊದಲು ಸಿಗಬೇಕು. ಕೇರಿಯ ಕಾವಲಿನವರನ್ನು ಕರೆಸಿದ ಅಧಿಕಾರಿ ಬಿಟ್ಟುಬಿಟ್ಟ ಹೆಜ್ಜೆ ಇದೇ. ಗೇಟಿನ ಕಾವಲುಗಾರನ ವಿಷಯದಲ್ಲಿ ಮೊದಲ ಷರತ್ತೇ ಎಷ್ಟೋ ಸಲ ನಿಲ್ಲುವುದಿಲ್ಲ. ಗೋಡೌನಿನ ಒಳಗಿನ ದಾಸ್ತಾನಿನ ಲೆಕ್ಕ ಅವನ ಕೈಯಲ್ಲಿರುವುದಿಲ್ಲ, ಬೀಗದ ಕೈ ಇನ್ನೊಬ್ಬರ ಹತ್ತಿರ, ಕ್ಯಾಮೆರಾದ ಚಿತ್ರ ಕಚೇರಿಯ ಕಂಪ್ಯೂಟರಿನಲ್ಲಿ. ಒಪ್ಪಿಸದೇ ಇದ್ದ ಮಾಲಿಗೆ ಅವನು ಹೊಣೆಯಾಗುವುದು ಹೇಗೆ?

ಈ ನಿಯಮ ತಿಳಿದಿರುವ ಕಾವಲುಗಾರರು ಕಡಿಮೆ. ತಿಳಿದವರೂ ಕೆಲಸ ಹೋಗುವ ಭಯದಲ್ಲಿ ಸುಮ್ಮನಾಗುತ್ತಾರೆ. ಗೇಟಿನ ಕೋಣೆಯಲ್ಲಿ ಬೆಂಕಿ ಬಿದ್ದರೆ ಯಾರಿಗೆ ಫೋನು ಮಾಡಬೇಕೆಂದು ಬರೆದು ಅಂಟಿಸುವ ಕಾರ್ಖಾನೆಗಳು, ಅದರ ಪಕ್ಕದಲ್ಲೇ ಈ ನಿಯಮವನ್ನೂ ಕನ್ನಡ, ಹಿಂದಿ ಮತ್ತು ಅಸ್ಸಾಮಿಯಲ್ಲಿ ಅಂಟಿಸಬೇಕು. ಅದಕ್ಕೆ ತಗಲುವುದು ಒಂದು ಹಾಳೆಯ ಖರ್ಚು. ಒಂದು ವೇತನಾವಧಿಯಲ್ಲಿ ಎಲ್ಲ ಕಡಿತಗಳೂ ಸೇರಿ ಸಂಬಳದ ಶೇ. 50 ದಾಟಬಾರದು ಎಂಬ ಮಿತಿಯನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಸಹಕಾರ ಸಂಘಕ್ಕೆ ಕಟ್ಟುವ ಹಣವೂ ಸೇರಿದ್ದರೆ 1936ರ ಕಾಯ್ದೆಯಲ್ಲಿ ಅದು ಶೇ. 75 ಆಗಿತ್ತು. ಅನ್ಯಾಯವಾಗಿ ಹಣ ಹಿಡಿದರೆ ದೂರು ಕೊಡುವುದಕ್ಕೆ ವಕೀಲರೇ ಬೇಕೆಂದೇನೂ ಇಲ್ಲ. ಕೆಲಸಗಾರ ತಾನೇ ಕೊಡಬಹುದು, ಇಲ್ಲವೇ ತಾನು ಸದಸ್ಯನಾಗಿರುವ ನೋಂದಾಯಿತ ಕಾರ್ಮಿಕ ಸಂಘದ ಮೂಲಕ ಕೊಡಿಸಬಹುದು. ಹತ್ತಿರದ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ಕಾರ್ಮಿಕ ಸಂಘಗಳಿವೆ, ಕಾರ್ಖಾನೆಯ ಒಳಗೆ ದುಡಿಯುವವರ ಪರವಾಗಿ ದಶಕಗಳಿಂದ ಹೋರಾಡಿವೆ. ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತವನನ್ನೂ ಅವು ತಮ್ಮವನೆಂದು ಸದಸ್ಯನನ್ನಾಗಿ ಸೇರಿಸಿಕೊಳ್ಳಬೇಕು.